‘ಆಟ’ದ ಹಳಹಳಿಕೆ: ಯಾದಗಿರಿ, ಶಹಾಪುರ, ಸುರಪುರ ಸೀಮೆಯ ದೊಡ್ಡಾಟ ಮತ್ತು ಕಂಪ್ಯೂಟರಿನ ಪಾತ್ರಧಾರಣೆಯ ಆಟಗಳು

೧. ಪ್ರವೇಶ

ಕನ್ನಡದ ‘ಆಟ’ ಎಂಬ ಪದ ಎರಡು ಲೋಕಗಳನ್ನು ಒಂದೇ ಹೆಸರಿನಲ್ಲಿ ಹಿಡಿದಿಟ್ಟುಕೊಂಡಿದೆ. ಪಗಡೆ, ಚೌಕಾಬಾರ, ಹುಲಿ-ಕುರಿ, ಚಿಣ್ಣಿಕೋಲು ಇವು ಆಟಗಳು. ದೊಡ್ಡಾಟ, ಸಣ್ಣಾಟ, ಗೊಂಬೆಯಾಟ ಇವೂ ಆಟಗಳೇ. ನಿಯಮಕ್ಕೆ ಕಟ್ಟುಬಿದ್ದು ಗೆಲುವು ಸೋಲುಗಳನ್ನು ನಿರ್ಣಯಿಸಿಕೊಳ್ಳುವ ಕ್ರೀಡೆ ಒಂದು ಬಗೆಯದು. ವೇಷ ತೊಟ್ಟು ಇನ್ನೊಬ್ಬರಾಗಿ ನಿಲ್ಲುವ ಅಭಿನಯ ಇನ್ನೊಂದು ಬಗೆಯದು. ಇವೆರಡನ್ನೂ ಬೇರ್ಪಡಿಸಬೇಕೆಂದು ಹಳ್ಳಿಯ ಕನ್ನಡಕ್ಕೆ ಅನಿಸಿಲ್ಲ. ಉತ್ತರ ಕರ್ನಾಟಕದ ಊರುಗಳಲ್ಲಿ ಜನ ಆಟವನ್ನು ‘ಕಲಿಯುತ್ತಾರೆ’, ‘ಆಡುತ್ತಾರೆ’, ‘ಆಡಿಸುತ್ತಾರೆ’. ಈ ಕ್ರಿಯಾಪದಗಳು ಪಗಡೆಗೂ ದೊಡ್ಡಾಟಕ್ಕೂ ಸಮಾನವಾಗಿ ಸಲ್ಲುತ್ತವೆ.

ಈ ಎರಡೂ ಅರ್ಥಗಳನ್ನು ಬೆಸೆಯುವ ಒಂದು ಹೊಸ ಬಗೆಯ ಆಟ ೧೯೭೦ರ ದಶಕದಲ್ಲಿ ಅಮೆರಿಕದಲ್ಲಿ ರೂಪುಗೊಂಡಿತು. ಆಡುವವನು ಒಂದು ಪಾತ್ರವನ್ನು ತನ್ನದಾಗಿಸಿಕೊಂಡು, ನಿಯಮಗಳ ಚೌಕಟ್ಟಿನಲ್ಲಿ, ದಾಳದ ಆಕಸ್ಮಿಕಗಳಿಗೆ ಒಡ್ಡಿಕೊಂಡು ಒಂದು ಕಥೆಯನ್ನು ನಡೆಸಿಕೊಂಡು ಹೋಗುವ ಈ ಬಗೆ ಬಲು ಬೇಗ ಕಂಪ್ಯೂಟರಿಗೆ ಇಳಿಯಿತು. ಆ ಆಟಗಳಿಗೆ ಈಗ ನಲವತ್ತು ವರ್ಷ ಮೀರಿದ ಇತಿಹಾಸವಿದೆ. ಅವುಗಳ ಬಗೆಗೆ ತೀವ್ರವಾದ ಹಳಹಳಿಕೆಯೂ ಬೆಳೆದಿದೆ. ಹಳೆಯ ಆಟವನ್ನು ಮರಳಿ ಆಡಬೇಕೆಂಬ ಈ ಹಂಬಲವು ಒಂದು ಸಂರಕ್ಷಣಾ ಪದ್ಧತಿಯನ್ನೇ ಹುಟ್ಟುಹಾಕಿರುವುದು ಜಾನಪದ ಅಧ್ಯಯನದ ದೃಷ್ಟಿಯಿಂದ ಗಮನಾರ್ಹ.

ಯಾದಗಿರಿ, ಶಹಾಪುರ, ಸುರಪುರ ಸೀಮೆಯಲ್ಲಿ ಇದಕ್ಕೆ ಹತ್ತಿರವಾದ ಅನುಭವವೆಂದರೆ ದೊಡ್ಡಾಟದ ನೆನಪು. ದೊಡ್ಡಾಟದ ಹಳಹಳಿಕೆಯ ಸ್ವರೂಪವೇನು, ಅದು ಯಾವುದರ ಬಗೆಗಿನ ಹಂಬಲ, ಆ ಹಂಬಲಕ್ಕೆ ಗ್ರಂಥಾಲಯ ಮತ್ತು ಸಂಶೋಧನೆಗಳು ನೀಡುತ್ತಿರುವ ಉತ್ತರ ಸಾಕಾಗುತ್ತದೆಯೆ ಎಂಬುದನ್ನು ಕಂಪ್ಯೂಟರ್ ಆಟಗಳ ಅನುಭವದೊಡನೆ ಇಟ್ಟು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨. ಹಳಹಳಿಕೆ: ಪರಿಕಲ್ಪನೆಯ ಹಿನ್ನೆಲೆ

‘ನಾಸ್ಟಾಲ್ಜಿಯಾ’ ಎಂಬ ಪದವನ್ನು ೧೬೮೮ರಲ್ಲಿ ಟಂಕಿಸಿದವನು ಯೋಹಾನೆಸ್ ಹೋಫರ್ ಎಂಬ ಸ್ವಿಸ್ ವೈದ್ಯ. ಮನೆಗೆ ಮರಳುವುದು ಮತ್ತು ನೋವು ಎಂಬ ಅರ್ಥದ ಎರಡು ಗ್ರೀಕ್ ಪದಗಳನ್ನು ಕೂಡಿಸಿ, ಪರದೇಶದಲ್ಲಿ ದುಡಿಯುವವರನ್ನು ಕಾಡುವ ಊರಿನ ಹಂಬಲವನ್ನು ಆತ ಒಂದು ಕಾಯಿಲೆಯೆಂದು ಗುರುತಿಸಿದ. ಕಾಲಕ್ರಮದಲ್ಲಿ ಈ ಪದ ಸ್ಥಳದಿಂದ ಕಾಲದತ್ತ ಜಾರಿತು. ಬಿಟ್ಟುಬಂದ ಊರಿನ ಬದಲು ಕಳೆದುಹೋದ ಕಾಲವನ್ನು ಕುರಿತ ಕೊರಗು ಎಂಬ ಅರ್ಥ ನೆಲೆಗೊಂಡಿತು. ಕನ್ನಡ ವಿಮರ್ಶೆಯಲ್ಲಿ ಬಳಕೆಯಲ್ಲಿರುವ ‘ಹಳಹಳಿಕೆ’ ಈ ಎರಡನೆಯ ಅರ್ಥಕ್ಕೆ ಹೊಂದುವ ಪದ. ಅದರಲ್ಲಿ ಹಂಬಲದ ಜೊತೆಗೆ ಕೈತಪ್ಪಿದ್ದರ ಬಗೆಗಿನ ಪರಿತಾಪವೂ ಇದೆ.

ಸ್ವೆತ್ಲಾನಾ ಬಾಯ್ಮ್ ೨೦೦೧ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಹಳಹಳಿಕೆಯನ್ನು ಎರಡು ಬಗೆಯಾಗಿ ವಿಂಗಡಿಸಿದ್ದಾರೆ. ಕಳೆದುದನ್ನು ಇದ್ದಂತೆಯೇ ಪುನಃ ಸ್ಥಾಪಿಸಬೇಕೆನ್ನುವುದು ಒಂದು. ಕಳೆದುದನ್ನು ನೆನೆಯುತ್ತಲೇ ಅದನ್ನು ಕುರಿತು ಚಿಂತಿಸುವುದು ಇನ್ನೊಂದು. ಈ ವಿಂಗಡಣೆ ಉಪಯುಕ್ತವಾದರೂ ಆಟದ ಸಂದರ್ಭಕ್ಕೆ ಒಂದು ಮಾತು ಸೇರಿಸಬೇಕಾಗುತ್ತದೆ. ಹಳೆಯ ಹಾಡು, ಹಳೆಯ ಚಲನಚಿತ್ರಗಳ ಹಳಹಳಿಕೆಯಲ್ಲಿ ನೆನೆಯುವವನು ಕೇಳುಗ ಅಥವಾ ನೋಡುಗನಾಗಿದ್ದವನು. ಧ್ವನಿಮುದ್ರಿಕೆ ಅಥವಾ ಚಿತ್ರದ ಪ್ರತಿ ಕೈಗೆ ಸಿಕ್ಕರೆ ಅವನ ಹಂಬಲ ಬಹುಮಟ್ಟಿಗೆ ತಣಿಯುತ್ತದೆ. ಆಟದಲ್ಲಿ ಪಾತ್ರ ವಹಿಸಿದವನ ಸ್ಥಿತಿ ಹೀಗಲ್ಲ. ಅವನು ಕಥೆಯನ್ನು ಹಂಬಲಿಸುವುದಿಲ್ಲ, ಆ ಕಥೆಯೊಳಗೆ ತಾನು ಒಬ್ಬನಾಗಿದ್ದುದನ್ನು ಹಂಬಲಿಸುತ್ತಾನೆ. ಬೇರೊಬ್ಬರು ಆಡಿದ ಆಟದ ದೃಶ್ಯಮುದ್ರಣ ಅವನಿಗೆ ಸಮಾಧಾನ ತರಲಾರದು. ಮುಂದಿನ ಚರ್ಚೆಗೆ ಈ ವ್ಯತ್ಯಾಸವೇ ಆಧಾರ.

೩. ಸೀಮೆ ಮತ್ತು ಅದರ ಆಟ

ಯಾದಗಿರಿ ಜಿಲ್ಲೆ ೨೦೦೯ರ ಡಿಸೆಂಬರ್ ೩೦ರಂದು ಗುಲ್ಬರ್ಗಾ ಜಿಲ್ಲೆಯಿಂದ ಬೇರ್ಪಟ್ಟು ಅಸ್ತಿತ್ವಕ್ಕೆ ಬಂದಾಗ ಅದರಲ್ಲಿದ್ದುದು ಯಾದಗಿರಿ, ಶಹಾಪುರ ಮತ್ತು ಸುರಪುರ ಎಂಬ ಮೂರು ತಾಲ್ಲೂಕುಗಳು. ಗುರುಮಠಕಲ್, ವಡಗೇರಾ ಮತ್ತು ಹುಣಸಗಿ ತಾಲ್ಲೂಕುಗಳು ನಂತರ ರಚನೆಯಾದವು. ಭೀಮಾ ಮತ್ತು ಕೃಷ್ಣಾ ನದಿಗಳು ಈ ನಾಡಿನ ಬೆನ್ನೆಲುಬು. ಸುರಪುರವು ಬೇಡ ನಾಯಕರ ಸಂಸ್ಥಾನವಾಗಿದ್ದು, ರಾಜಾ ವೆಂಕಟಪ್ಪ ನಾಯಕನ ೧೮೫೮ರ ಬಂಡಾಯದ ನಂತರ ಬ್ರಿಟಿಷರ ವಶವಾಗಿ, ೧೮೬೦ರಲ್ಲಿ ಹೈದರಾಬಾದಿನ ನಿಜಾಮನಿಗೆ ಸೇರಿತು. ೧೯೪೮ರವರೆಗೆ ನಿಜಾಮನ ಆಳ್ವಿಕೆಯಲ್ಲಿದ್ದು ೧೯೫೬ರಲ್ಲಿ ಅಂದಿನ ಮೈಸೂರು ರಾಜ್ಯದಲ್ಲಿ ಒಂದಾದ ಈ ಸೀಮೆಯ ಕನ್ನಡದಲ್ಲಿ ಉರ್ದು ಶಬ್ದಗಳು ಸಹಜವಾಗಿ ಬೆರೆತಿವೆ. ಆಟದ ಅಭ್ಯಾಸಕ್ಕೆ ಇಲ್ಲಿಯ ಜನ ಹೇಳುವ ‘ತಾಲೀಮು’ ಎಂಬುದು ಅಂಥ ಒಂದು ಶಬ್ದ. ಕುಸ್ತಿಯ ಅಭ್ಯಾಸಕ್ಕೂ ಇದೇ ಹೆಸರು ಇರುವುದನ್ನು ಗಮನಿಸಬೇಕು. ದೊಡ್ಡಾಟವನ್ನು ಕಲಿಯುವುದೆಂದರೆ ದೇಹವನ್ನು ಹದಗೊಳಿಸುವುದು ಎಂಬ ತಿಳಿವಳಿಕೆ ಆ ಪದದಲ್ಲಿಯೇ ಅಡಗಿದೆ.

ದೊಡ್ಡಾಟವು ಉತ್ತರ ಕರ್ನಾಟಕದ ಬಯಲಾಟಗಳಲ್ಲಿ ವೀರರಸ ಪ್ರಧಾನವಾದುದು. ರಾಮಾಯಣ, ಮಹಾಭಾರತ ಮತ್ತು ಪುರಾಣಗಳ ಪ್ರಸಂಗಗಳನ್ನು ಎತ್ತಿಕೊಂಡು, ಊರ ಬಯಲಿನಲ್ಲಿ ಎತ್ತರದ ಅಟ್ಟ ಕಟ್ಟಿ, ರಾತ್ರಿಯಿಡೀ ಆಡುವುದು ವಾಡಿಕೆ. ಇದಕ್ಕೆ ಹೋಲಿಸಿದರೆ ಸಣ್ಣಾಟವು ವಸ್ತುವಿನಲ್ಲಿ ಹೆಚ್ಚು ಸಾಮಾಜಿಕ, ವೇಷಭೂಷಣದಲ್ಲಿ ಸರಳ. ‘ಸಂಗ್ಯಾ-ಬಾಳ್ಯಾ’ ಅದರ ಪ್ರಸಿದ್ಧ ಉದಾಹರಣೆ. ಅಪರಾಳ ತಮ್ಮಣ್ಣನಿಂದ ರೂಪುಗೊಂಡು ಕುಲಗೋಡ ತಮ್ಮಣ್ಣನಿಂದ ಬೆಳೆದ ‘ಶ್ರೀಕೃಷ್ಣ ಪಾರಿಜಾತ’ ಇವೆರಡರ ನಡುವೆ ತನ್ನದೇ ಸ್ಥಾನ ಪಡೆದಿದೆ. ಈ ಪ್ರಕಾರಗಳನ್ನು ಕುರಿತು ಎಚ್. ಕೆ. ರಂಗನಾಥರ ೧೯೬೦ರ ಗ್ರಂಥದಿಂದ ಮೊದಲ್ಗೊಂಡು ಚಂದ್ರಶೇಖರ ಕಂಬಾರರ ‘ಉತ್ತರ ಕರ್ನಾಟಕ ಜಾನಪದ ರಂಗಭೂಮಿ’ಯವರೆಗೆ ಮೌಲಿಕವಾದ ಅಧ್ಯಯನಗಳು ನಡೆದಿವೆ.

ಆಟವೊಂದು ಸಿದ್ಧವಾಗುವ ಕ್ರಮವನ್ನು ಇಲ್ಲಿ ಸ್ಥೂಲವಾಗಿ ನೆನೆಯುವುದು ಅಗತ್ಯ. ಸುಗ್ಗಿ ಮುಗಿದು ಹೊಲದ ಕೆಲಸ ಇಳಿದಾಗ ಊರಿನ ಉತ್ಸಾಹಿಗಳು ಸೇರಿ ಒಬ್ಬ ಮಾಸ್ತರನನ್ನು ಕರೆಸುತ್ತಾರೆ. ಅವನು ಪ್ರಸಂಗವನ್ನು ಆರಿಸಿ, ಆಳಿನ ಮೈಕಟ್ಟು, ಕಂಠ ಮತ್ತು ಸ್ವಭಾವಗಳನ್ನು ನೋಡಿ ಪಾತ್ರಗಳನ್ನು ಹಂಚುತ್ತಾನೆ. ಓದು ಬಂದವರು ತಮ್ಮ ಪಾಲಿನ ಮಾತು ಮತ್ತು ಹಾಡುಗಳನ್ನು ಬರೆದುಕೊಳ್ಳುತ್ತಾರೆ. ಓದು ಬಾರದವರು ಕೇಳಿ ಕೇಳಿಯೇ ಬಾಯಿಪಾಠ ಮಾಡುತ್ತಾರೆ. ದಿನದ ದುಡಿಮೆ ಮುಗಿದ ಮೇಲೆ ಗುಡಿಯಲ್ಲೋ ದೊಡ್ಡ ಮನೆಯ ಪಡಸಾಲೆಯಲ್ಲೋ ತಿಂಗಳುಗಟ್ಟಲೆ ತಾಲೀಮು ನಡೆಯುತ್ತದೆ. ಹಗುರ ಮರದಲ್ಲಿ ಕೊರೆದು ಬಣ್ಣದ ಕಾಗದ ಮತ್ತು ಕನ್ನಡಿಯ ಚೂರುಗಳಿಂದ ಸಿಂಗರಿಸಿದ ಕಿರೀಟ, ಭುಜಕೀರ್ತಿ, ಎದೆಪದಕಗಳ ಭಾರವನ್ನು ಹೊತ್ತು ನೆಲ ಅದುರುವಂತೆ ಹೆಜ್ಜೆ ಹಾಕಲು ಮೈ ಪಳಗಬೇಕು. ಖರ್ಚನ್ನು ಪಾತ್ರಧಾರಿಗಳೇ ಹಂಚಿಕೊಳ್ಳುವ ರೂಢಿ ಹಲವೆಡೆ ಇದೆ. ಆಟದ ರಾತ್ರಿ ನಂಟರಿಷ್ಟರು ಅಟ್ಟದ ಬಳಿಗೆ ಬಂದು ಪಾತ್ರಧಾರಿಗೆ ಆಯೇರಿ ಮಾಡುವಾಗ ಕಥೆ ಕೊಂಚ ಹೊತ್ತು ನಿಲ್ಲುತ್ತದೆ. ಆ ಹೊತ್ತಿನಲ್ಲಿ ದುರ್ಯೋಧನ ಒಂದೇ ಕಾಲಕ್ಕೆ ಹಸ್ತಿನಾವತಿಯ ಅರಸನೂ ಹೌದು, ಯಾರದೋ ಅಳಿಯನೂ ಹೌದು.

೪. ‘ನೀವು ದಾರು?’: ಪಾತ್ರವೆಂಬ ಮರುಹುಟ್ಟು

ದೊಡ್ಡಾಟದ ರಚನೆಯಲ್ಲಿ ಸಾರಥಿಯ ಸ್ಥಾನ ವಿಶಿಷ್ಟವಾದುದು. ಪ್ರತಿ ಮುಖ್ಯ ಪಾತ್ರ ರಂಗಕ್ಕೆ ಬಂದಾಗ ಸಾರಥಿ ಅದನ್ನು ತಡೆದು ಮಾತನಾಡಿಸುತ್ತಾನೆ. ಬಂದವರು ಯಾರು, ಯಾವ ಪಟ್ಟಣದವರು, ಬಂದ ಕಾರಣವೇನು ಎಂದು ಕೇಳುತ್ತಾನೆ. ಪಾತ್ರಧಾರಿ ತನ್ನ ಕುಲ, ಪರಾಕ್ರಮ, ಉದ್ದೇಶಗಳನ್ನು ದೀರ್ಘವಾದ ಗದ್ಯದಲ್ಲಿ ಸಾರುತ್ತಾನೆ. ನಾಟಕದ ದೃಷ್ಟಿಯಿಂದ ಇದು ಪಾತ್ರಪರಿಚಯದ ತಂತ್ರ. ಪಾತ್ರಧಾರಿಯ ದೃಷ್ಟಿಯಿಂದ ಇದೊಂದು ಮರುಹುಟ್ಟು. ಹಗಲೆಲ್ಲ ಕುಂಟೆ ಹೊಡೆದವನನ್ನು, ಕುರಿ ಕಾಯ್ದವನನ್ನು, ಇಡೀ ಊರಿನ ಎದುರು ಒಬ್ಬ ಬಹುವಚನದಲ್ಲಿ ಸಂಬೋಧಿಸಿ ಅವನ ಪರಿಚಯವನ್ನು ವಿನಯದಿಂದ ಕೇಳುತ್ತಾನೆ. ಅದಕ್ಕೆ ಉತ್ತರ ಕೊಡುವ ಹಕ್ಕು ಆ ಒಂದು ರಾತ್ರಿ ಅವನಿಗಿದೆ.

ವಯಸ್ಸಾದ ಕಲಾವಿದರು ಆಟವನ್ನು ನೆನೆಯುವಾಗ ಪ್ರಸಂಗದ ಕಥೆಗಿಂತ ತಾವು ಹಾಕಿದ ಪಾತ್ರದ ಮಾತು ಮುಂದಾಗುವುದಕ್ಕೆ ಕಾರಣವನ್ನು ಇಲ್ಲಿ ಹುಡುಕಬೇಕು. ಉತ್ತರ ಕರ್ನಾಟಕದಲ್ಲಿ ಪಾತ್ರದ ಹೆಸರೇ ಮನುಷ್ಯನ ಅಡ್ಡಹೆಸರಾಗಿ ಉಳಿಯುವುದೂ ಉಂಟು. ಹಳಹಳಿಕೆಯ ವಸ್ತು ಇಲ್ಲಿ ‘ಆ ಕಾಲ’ವಷ್ಟೇ ಆಗಿರದೆ, ‘ಆ ಕಾಲದಲ್ಲಿ ಆಗಲು ಸಾಧ್ಯವಿದ್ದ ತಾನು’ ಆಗಿದೆ.

ಹೀಗೆಂದು ದೊಡ್ಡಾಟವನ್ನು ಸಮಾನತೆಯ ರಂಗವೆಂದು ಕೊಂಡಾಡುವುದು ಇತಿಹಾಸಕ್ಕೆ ಅಪಚಾರವಾದೀತು. ಪಾತ್ರದ ಹಂಚಿಕೆಯಲ್ಲಿ ಕಂಠ ಮೈಕಟ್ಟುಗಳ ಜೊತೆಗೆ ಹಣ, ಮನೆತನ, ಜಾತಿಗಳೂ ಕೆಲಸ ಮಾಡುತ್ತಿದ್ದವು. ಹೆಣ್ಣಿನ ಪಾತ್ರಗಳನ್ನು ಗಂಡಸರೇ ಮಾಡುತ್ತಿದ್ದರು. ತಿಂಗಳುಗಟ್ಟಲೆ ರಾತ್ರಿ ನಡೆಯುವ ತಾಲೀಮಿಗೆ ಹಳ್ಳಿಯ ಹೆಣ್ಣುಮಗಳಿಗೆ ಪ್ರವೇಶವಿರಲಿಲ್ಲ. ‘ಶ್ರೀಕೃಷ್ಣ ಪಾರಿಜಾತ’ದಲ್ಲಿ ಹೆಸರು ಮಾಡಿದ ಕೌಜಲಗಿ ನಿಂಗಮ್ಮನಂಥವರು ಮಹಿಳೆಯರಿಗೂ ರಂಗ ಸಲ್ಲುತ್ತದೆಂದು ತೋರಿಸಿದರಾದರೂ ದೊಡ್ಡಾಟದ ಅಟ್ಟ ಬಹುಕಾಲ ಗಂಡಸರದೇ ಆಗಿತ್ತು. ಆದ್ದರಿಂದ ಒಂದು ಊರಿನ ಆಟದ ನೆನಪು ಎಂದು ದಾಖಲಾಗುವುದು ವಾಸ್ತವದಲ್ಲಿ ಆ ಊರಿನ ಕೆಲವರ ನೆನಪು. ಅಟ್ಟದ ಕೆಳಗೆ ಕುಳಿತು ಬೆಳಗಿನವರೆಗೆ ನೋಡಿದವರ ನೆನಪು ಬೇರೆಯದೇ ಇರಬಹುದು. ಅದನ್ನೂ ಕೇಳಿ ದಾಖಲಿಸಬೇಕಾಗಿದೆ.

೫. ಆಟ ತೆಳುವಾದ ಬಗೆ

ದೊಡ್ಡಾಟದ ಹಿನ್ನಡೆಗೆ ಸಾಮಾನ್ಯವಾಗಿ ವೃತ್ತಿ ನಾಟಕ ಕಂಪನಿ, ಸಿನೆಮಾ ಮತ್ತು ದೂರದರ್ಶನಗಳನ್ನು ಕಾರಣವಾಗಿ ಹೇಳಲಾಗುತ್ತದೆ. ಈ ಸೀಮೆಯ ಮಟ್ಟಿಗೆ ಆ ಮಾತಿಗೆ ನಿರ್ದಿಷ್ಟ ಆಧಾರಗಳಿವೆ. ಗುಲ್ಬರ್ಗಾ ಆಕಾಶವಾಣಿ ಕೇಂದ್ರ ೧೯೬೬ರಲ್ಲಿ ಆರಂಭವಾಯಿತು. ೧೯೭೫ರ ಆಗಸ್ಟ್ ೧ರಿಂದ ೧೯೭೬ರ ಜುಲೈ ೩೧ರವರೆಗೆ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು ೨,೪೦೦ ಹಳ್ಳಿಗಳಿಗೆ ದೂರದರ್ಶನವನ್ನು ತಲುಪಿಸಿದ ‘ಸೈಟ್’ ಪ್ರಯೋಗದಲ್ಲಿ ಕರ್ನಾಟಕದಿಂದ ಆಯ್ಕೆಯಾದುದು ಗುಲ್ಬರ್ಗಾ, ರಾಯಚೂರು ಮತ್ತು ಬಿಜಾಪುರ ಜಿಲ್ಲೆಗಳ ಪ್ರದೇಶ. ಇಂದಿನ ಯಾದಗಿರಿ ಜಿಲ್ಲೆ ಆಗ ಗುಲ್ಬರ್ಗಾ ಜಿಲ್ಲೆಯ ಭಾಗವಾಗಿತ್ತು. ೧೯೭೭ರಲ್ಲಿ ಗುಲ್ಬರ್ಗಾ ದೂರದರ್ಶನ ಕೇಂದ್ರ ಸ್ಥಾಪನೆಯಾಯಿತು. ರಾಜ್ಯದ ಅನೇಕ ಭಾಗಗಳಿಗಿಂತ ಮೊದಲೇ ಈ ನಾಡು ದೂರದರ್ಶನವನ್ನು ಕಂಡಿತ್ತೆಂಬುದು ಉಲ್ಲೇಖನೀಯ.

ಆದರೆ ಪ್ರೇಕ್ಷಕರು ಬೇರೆಡೆಗೆ ಹೋದುದು ಕಾರಣದ ಒಂದು ಮುಖ ಮಾತ್ರ. ಪಾತ್ರಧಾರಿಗಳಿಗೆ ಬಿಡುವು ತಪ್ಪಿದುದು ಇನ್ನೊಂದು ಮುಖ, ಬಹುಶಃ ಹೆಚ್ಚು ನಿರ್ಣಾಯಕವಾದುದು. ದೊಡ್ಡಾಟ ನಿಂತಿದ್ದುದು ಒಣಬೇಸಾಯದ ಪಂಚಾಂಗದ ಮೇಲೆ. ಸುಗ್ಗಿಯಿಂದ ಮುಂಗಾರಿನವರೆಗಿನ ಬಿಡುವೇ ತಾಲೀಮಿನ ಕಾಲ. ಕೃಷ್ಣಾ ಮೇಲ್ದಂಡೆ ಯೋಜನೆಯಡಿ ನಾರಾಯಣಪುರದಲ್ಲಿ ನಿರ್ಮಾಣವಾದ ಬಸವಸಾಗರ ಜಲಾಶಯದ ನೀರು ಕಾಲುವೆಗಳಲ್ಲಿ ಹರಿದು ಸುರಪುರ, ಶಹಾಪುರ ಭಾಗದ ಹೊಲಗಳು ಭತ್ತದ ಗದ್ದೆಗಳಾದ ಮೇಲೆ ಅಲ್ಲಿಯ ದುಡಿಮೆಯ ಲಯ ಬದಲಾಯಿತು. ನೀರು ಕಾಣದ ಊರುಗಳಲ್ಲಿ ಬೇಸಿಗೆಯ ಬಿಡುವು ಗುಳೆಯ ಕಾಲವಾಯಿತು. ದುಡಿಯುವ ವಯಸ್ಸಿನವರು ಬೆಂಗಳೂರು, ಹೈದರಾಬಾದು, ಮುಂಬಯಿಗಳಿಗೆ ಕಟ್ಟಡದ ಕೆಲಸಕ್ಕೆ ಹೊರಟರು. ನೀರು ಬಂದಲ್ಲಿ ಬಿಡುವಿಲ್ಲ, ಬಿಡುವಿರುವಲ್ಲಿ ಆಳಿಲ್ಲ ಎಂಬಂತಾಯಿತು. ಹದಿನೈದು ಇಪ್ಪತ್ತು ಜನ ಒಂದೇ ಊರಿನಲ್ಲಿ ಎರಡು ಮೂರು ತಿಂಗಳು ಕೂಡಿ ಇರದಿದ್ದರೆ ತಾಲೀಮು ನಡೆಯಲಾರದು.

ಈ ವಿವರಣೆಗೆ ಪೂರಕವಾಗಿ ವೇಷದ ಬೇರೆ ರೂಪಗಳ ಸ್ಥಿತಿಯನ್ನು ನೋಡಬಹುದು. ಕಲ್ಯಾಣ ಕರ್ನಾಟಕದ ಊರುಗಳಲ್ಲಿ ಹಿಂದೂ ಮುಸ್ಲಿಮರು ಕೂಡಿ ಆಚರಿಸುವ ಮೊಹರಮ್‌ನಲ್ಲಿ ಹುಲಿವೇಷ ಮತ್ತು ಅಲಾಯಿ ಕುಣಿತಗಳು ಮುಂದುವರಿದಿವೆ. ಯಾದಗಿರಿ ತಾಲ್ಲೂಕಿನ ಮೈಲಾಪುರದಲ್ಲಿ ಮಕರ ಸಂಕ್ರಮಣಕ್ಕೆ ನಡೆಯುವ ಮೈಲಾರಲಿಂಗನ ಜಾತ್ರೆಯ ಸರಪಳಿ ಹರಿಯುವ ಆಚರಣೆಗೆ ಈಗಲೂ ಜನ ಸೇರುತ್ತಾರೆ. ಇವು ಹರಕೆಗೂ ತಿಥಿಗೂ ಕಟ್ಟುಬಿದ್ದವು. ಗುಳೆ ಹೋದವರೂ ಆ ದಿನಕ್ಕೆ ಊರಿಗೆ ಬರುತ್ತಾರೆ. ಇವಕ್ಕೆ ತಿಂಗಳುಗಟ್ಟಲೆ ತಾಲೀಮು ಬೇಕಿಲ್ಲ. ದೊಡ್ಡಾಟಕ್ಕೆ ಬೇಕು. ವೇಷದ ಮೇಲಿನ ಪ್ರೀತಿ ಬತ್ತಿಲ್ಲ, ವೇಷವನ್ನು ಮೈಗೂಡಿಸಿಕೊಳ್ಳುವ ಕಾಲ ಕಡಿಮೆಯಾಗಿದೆ ಎನ್ನಲು ಇದು ಆಧಾರ.

೬. ಕಂಪ್ಯೂಟರಿನ ಪಾತ್ರಧಾರಣೆಯ ಆಟಗಳು

ಇನ್ನು ಹೋಲಿಕೆಯ ಇನ್ನೊಂದು ಬದಿಗೆ ಬರಬಹುದು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ೧೯೭೪ರಲ್ಲಿ ಪ್ರಕಟಿಸಿದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಕಂಪ್ಯೂಟರಿನ ಆಟವಲ್ಲ. ಮೇಜಿನ ಸುತ್ತ ಕುಳಿತು ಮಾತಿನಲ್ಲಿ ಆಡುವಂಥದು. ಆಡುವ ಪ್ರತಿಯೊಬ್ಬನೂ ಒಂದು ಪಾತ್ರವನ್ನು ಕಟ್ಟಿಕೊಂಡು ಅದರ ಬಲ, ಬುದ್ಧಿ, ಚುರುಕುಗಳನ್ನು ಅಂಕಿಗಳಲ್ಲಿ ಒಂದು ಹಾಳೆಯ ಮೇಲೆ ಬರೆದುಕೊಳ್ಳುತ್ತಾನೆ. ಆಟವನ್ನು ನಡೆಸುವವನೊಬ್ಬ ಸನ್ನಿವೇಶಗಳನ್ನು ವಿವರಿಸುತ್ತಾನೆ, ಪ್ರಶ್ನಿಸುತ್ತಾನೆ, ನಿಯಮಗಳನ್ನು ಕಾಯುತ್ತಾನೆ. ಕತ್ತಿಯ ಏಟು ತಗಲಿತೋ ಇಲ್ಲವೋ ಎಂಬುದನ್ನು ದಾಳ ನಿರ್ಣಯಿಸುತ್ತದೆ. ದೊಡ್ಡಾಟ ಬಲ್ಲವರಿಗೆ ಇಲ್ಲಿ ಮಾಸ್ತರ ಮತ್ತು ಸಾರಥಿ ಇಬ್ಬರೂ ಒಬ್ಬನಲ್ಲಿ ಕೂಡಿರುವುದು ಕಾಣುತ್ತದೆ. ಪಾತ್ರದ ಹಾಳೆಯಂತೂ ಪಾತ್ರಧಾರಿ ಬರೆದುಕೊಳ್ಳುವ ಪುಟದ ನೆಂಟ.

ಈ ಪದ್ಧತಿ ಕಂಪ್ಯೂಟರಿಗೆ ಬಂದಾಗ ಆಟ ನಡೆಸುವವನ ಕೆಲಸವನ್ನು ತಂತ್ರಾಂಶ ವಹಿಸಿಕೊಂಡಿತು. ೧೯೮೧ರಲ್ಲಿ ರಿಚರ್ಡ್ ಗ್ಯಾರಿಯಟ್‌ನ ‘ಅಲ್ಟಿಮಾ’ ಮತ್ತು ಆಂಡ್ರೂ ಗ್ರೀನ್‌ಬರ್ಗ್, ರಾಬರ್ಟ್ ವುಡ್‌ಹೆಡ್ ಅವರ ‘ವಿಝರ್ಡ್ರಿ’ ಹೊರಬಂದು ಈ ಪ್ರಕಾರಕ್ಕೆ ಅಡಿಪಾಯ ಹಾಕಿದವು. ‘ವಿಝರ್ಡ್ರಿ’ಯ ನೆಲಮಾಳಿಗೆಗಳಲ್ಲಿ ದಾರಿ ತಪ್ಪದಿರಲು ಆಡುವವರು ಚೌಕಳಿ ಕಾಗದದ ಮೇಲೆ ಕೈಯಾರೆ ನಕ್ಷೆ ಬರೆದುಕೊಳ್ಳಬೇಕಾಗಿತ್ತು. ೧೯೮೫ರ ‘ಅಲ್ಟಿಮಾ’ ನಾಲ್ಕನೆಯ ಭಾಗವು ದುಷ್ಟನೊಬ್ಬನನ್ನು ಕೊಲ್ಲುವ ಗುರಿಯನ್ನು ಕೈಬಿಟ್ಟು ಎಂಟು ಸದ್ಗುಣಗಳ ಸಾಧನೆಯನ್ನು ಗುರಿಯಾಗಿಸಿತು. ಅದರ ಆರಂಭದಲ್ಲಿ ಆಡುವವನಿಗೆ ಧರ್ಮಸಂಕಟದ ಪ್ರಶ್ನೆಗಳನ್ನು ಹಾಕಿ, ಅವನ ಉತ್ತರಗಳಿಂದಲೇ ಅವನು ಯಾರೆಂಬುದು ನಿರ್ಧಾರವಾಗುತ್ತದೆ. ೧೯೯೭ರ ‘ಫಾಲ್‌ಔಟ್’, ೧೯೯೮ರ ‘ಬಾಲ್ಡರ್ಸ್ ಗೇಟ್’ ಮತ್ತು ೧೯೯೯ರ ‘ಪ್ಲೇನ್‌ಸ್ಕೇಪ್: ಟಾರ್ಮೆಂಟ್’ ಈ ಪ್ರಕಾರದ ಪ್ರೌಢ ಕೃತಿಗಳೆಂದು ಮನ್ನಣೆ ಪಡೆದಿವೆ. ಕೊನೆಯದರ ನಾಯಕ ತನ್ನ ಹೆಸರನ್ನೇ ಮರೆತವನು. ತಾನು ಯಾರೆಂಬುದನ್ನು ಹುಡುಕುವುದೇ ಅಲ್ಲಿಯ ಕಥೆ. ಸಾರಥಿ ಕೇಳುವ ಪ್ರಶ್ನೆಗೆ ಉತ್ತರ ಗೊತ್ತಿಲ್ಲದ ಪಾತ್ರಧಾರಿ ಎಂದು ಅವನನ್ನು ಬಣ್ಣಿಸಬಹುದು.

ಒಂದು ಮುಖ್ಯ ವ್ಯತ್ಯಾಸವನ್ನೂ ಇಲ್ಲಿ ಗುರುತಿಸಬೇಕು. ದೊಡ್ಡಾಟದಲ್ಲಿ ಕರ್ಣನ ಗತಿ ನಿಶ್ಚಿತ. ಎಂಥ ಕಲಾವಿದ ಆ ಪಾತ್ರ ಹಾಕಿದರೂ ರಥದ ಗಾಲಿ ಹೂಳಲೇಬೇಕು. ಪಾತ್ರಧಾರಿಯ ಸ್ವಾತಂತ್ರ್ಯವೆಲ್ಲ ಆ ಗತಿಯನ್ನು ಹೇಗೆ ಎದುರಿಸುತ್ತಾನೆಂಬುದರಲ್ಲಿದೆ. ಕಂಪ್ಯೂಟರಿನ ಆಟದಲ್ಲಿ ಗತಿಯೇ ಬದಲಾಗಬಹುದು. ತಪ್ಪಿದರೆ ಹಿಂದೆ ಉಳಿಸಿಟ್ಟ ಹಂತದಿಂದ ಮತ್ತೆ ತೊಡಗಬಹುದು. ಅಲ್ಲಿ ಆಯ್ಕೆಯ ಸುಖವಿದೆ, ಇಲ್ಲಿ ಸಭೆಯ ಸುಖವಿದೆ. ಕಂಪ್ಯೂಟರಿನ ಎದುರಿನವನಿಗೆ ಆಯೇರಿ ಮಾಡುವ ನಂಟರಿರುವುದಿಲ್ಲ. ಮೇಲಾಗಿ ಆ ಹಳೆಯ ಆಟಗಳ ಮಾತು ಇಂಗ್ಲಿಷ್. ೧೯೮೦-೯೦ರ ದಶಕಗಳಲ್ಲಿ ಯಾದಗಿರಿ ಸೀಮೆಯ ಮನೆಗಳಲ್ಲಿ ಕಂಪ್ಯೂಟರ್ ಅಪರೂಪದ ವಸ್ತು. ಆದಕಾರಣ ಆ ಆಟಗಳ ಹಳಹಳಿಕೆ ಈ ಸೀಮೆಯ ಸ್ವಂತ ಅನುಭವವೆನ್ನಲಾಗದು. ಸಂರಕ್ಷಣೆಯ ವಿಚಾರದಲ್ಲಿ ಮಾತ್ರ ಅದರಿಂದ ಕಲಿಯುವುದಿದೆ.

೭. ಹಂಬಲ ಕಟ್ಟಿದ ಭಂಡಾರ

ಕಂಪ್ಯೂಟರಿನ ಹಳೆಯ ಆಟಗಳೂ ಅಳಿಯುವ ವಸ್ತುಗಳೇ. ಫ್ಲಾಪಿಗಳು ಹಾಳಾಗುತ್ತವೆ, ಹೊಸ ಯಂತ್ರಗಳಲ್ಲಿ ಹಳೆಯ ತಂತ್ರಾಂಶ ನಡೆಯುವುದಿಲ್ಲ, ಹಕ್ಕುಸ್ವಾಮ್ಯದ ತೊಡಕಿನಿಂದ ಮರುಪ್ರಕಟಣೆ ನಿಲ್ಲುತ್ತದೆ. ಅಮೆರಿಕದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ ೨೦೨೩ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ೨೦೧೦ಕ್ಕೆ ಮೊದಲು ಆ ದೇಶದಲ್ಲಿ ಬಿಡುಗಡೆಯಾದ ಆಟಗಳಲ್ಲಿ ಶೇಕಡ ೮೭ರಷ್ಟು ಮಾರುಕಟ್ಟೆಯಲ್ಲಿ ದೊರೆಯುತ್ತಿರಲಿಲ್ಲ.

ಈ ಅಳಿವನ್ನು ತಡೆಯಲು ಮುಂದಾದವರು ಬಹುಮಟ್ಟಿಗೆ ಆ ಆಟಗಳನ್ನು ಆಡಿ ಬೆಳೆದವರೇ. ಹಳೆಯ ಯಂತ್ರದ ವರ್ತನೆಯನ್ನು ಹೊಸ ಯಂತ್ರದಲ್ಲಿ ಅನುಕರಿಸುವ ‘ಡಾಸ್‌ಬಾಕ್ಸ್’ ಎಂಬ ಮುಕ್ತ ತಂತ್ರಾಂಶ ೨೦೦೨ರಲ್ಲಿ ಬಂದಿತು. ಹಳೆಯ ಆಟಗಳನ್ನು ಹೊಸ ಯಂತ್ರಗಳಿಗೆ ಹೊಂದಿಸಿ ಮಾರುವ ‘ಗುಡ್ ಓಲ್ಡ್ ಗೇಮ್ಸ್’ ೨೦೦೮ರಲ್ಲಿ ಆರಂಭವಾಯಿತು. ಹಳೆಯ ಶೈಲಿಯಲ್ಲಿ ಹೊಸ ಆಟವೊಂದನ್ನು ರಚಿಸಲು ೨೦೧೨ರಲ್ಲಿ ಸಾರ್ವಜನಿಕರಿಂದಲೇ ಸುಮಾರು ೪೦ ಲಕ್ಷ ಡಾಲರು ಸಂಗ್ರಹವಾಗಿ, ‘ಪಿಲ್ಲರ್ಸ್ ಆಫ್ ಎಟರ್ನಿಟಿ’ ೨೦೧೫ರಲ್ಲಿ ಪ್ರಕಟವಾಯಿತು. ೧೯೮೧ರ ‘ವಿಝರ್ಡ್ರಿ’ಯ ಪುನಾರಚನೆ ೨೦೨೪ರಲ್ಲಿ ಪೂರ್ಣಗೊಂಡಾಗ ಹೊಸ ಚಿತ್ರಗಳ ಅಡಿಯಲ್ಲಿ ಮೂಲ ಆಟದ ತಂತ್ರಾಂಶವನ್ನೇ ಉಳಿಸಿಕೊಳ್ಳಲಾಯಿತು.

ಈ ಎಲ್ಲ ಪ್ರಯತ್ನಗಳಲ್ಲಿ ಒಂದು ಸಮಾನ ತಿಳಿವಳಿಕೆ ಕಾಣುತ್ತದೆ. ಆಟದ ಚಿತ್ರಗಳನ್ನು ಅಥವಾ ಆಡಿದವರ ದೃಶ್ಯಮುದ್ರಣಗಳನ್ನು ಕೂಡಿಡುವುದರಿಂದ ಆಟ ಉಳಿಯುವುದಿಲ್ಲ. ಅದನ್ನು ನಡೆಸುವ ನಿಯಮ ಉಳಿದು, ಮತ್ತೊಬ್ಬ ಅದರೊಳಗೆ ಕಾಲಿಡುವಂತಾದಾಗ ಮಾತ್ರ ಉಳಿಯುತ್ತದೆ. ಉಳಿವಿನ ಅಳತೆಗೋಲು ‘ನೋಡಲು ಸಿಗುತ್ತದೆಯೆ’ ಎಂಬುದಲ್ಲ, ‘ಆಡಲು ಬರುತ್ತದೆಯೆ’ ಎಂಬುದು.

ಈ ಅಳತೆಗೋಲಿನಿಂದ ದೊಡ್ಡಾಟದ ದಾಖಲೆಗಳನ್ನು ನೋಡಿದರೆ ಕೊರತೆ ಎದ್ದು ಕಾಣುತ್ತದೆ. ಗದಗ ಮೊದಲಾದ ಊರುಗಳ ಪ್ರಕಾಶಕರು ಅಚ್ಚು ಹಾಕಿದ ಆಟದ ಪುಸ್ತಕಗಳಿವೆ. ಸಂಶೋಧಕರು ಸಂಪಾದಿಸಿದ ಪಠ್ಯಗಳಿವೆ. ಪ್ರದರ್ಶನಗಳ ಧ್ವನಿ ಮತ್ತು ದೃಶ್ಯ ಮುದ್ರಣಗಳಿವೆ. ಅವುಗಳಲ್ಲಿ ಹಲವು ಉತ್ಸವದ ವೇದಿಕೆಗಾಗಿ ಒಂದೆರಡು ಗಂಟೆಗೆ ಇಳಿಸಿದವು. ಇವುಗಳಲ್ಲಿ ಮಾತಿದೆ, ಹಾಡಿದೆ, ವೇಷವಿದೆ. ಮಾಸ್ತರ ಒಬ್ಬನಿಗೆ ಭೀಮನನ್ನೂ ಇನ್ನೊಬ್ಬನಿಗೆ ದುಶ್ಶಾಸನನನ್ನೂ ಕೊಟ್ಟುದು ಯಾವ ಲಕ್ಷಣ ನೋಡಿ, ಹೆಜ್ಜೆಯನ್ನು ಯಾವ ಬಾಯಿತಾಳದಿಂದ ಹೇಳಿಕೊಟ್ಟ, ಭಾರದ ಕಿರೀಟ ಹೊತ್ತು ತಿರುಗುವಾಗ ಕತ್ತನ್ನು ಹೇಗೆ ಹಿಡಿಯಬೇಕೆಂದ, ಮಾತು ಮರೆತವನನ್ನು ಸಾರಥಿ ಹೇಗೆ ದಡ ಸೇರಿಸಿದ ಎಂಬುವು ಇವುಗಳಲ್ಲಿಲ್ಲ. ದೊಡ್ಡಾಟದ ‘ಮೂಲ ತಂತ್ರಾಂಶ’ ಎನ್ನಬಹುದಾದುದು ತಾಲೀಮಿನಲ್ಲಿದೆ. ದಾಖಲಾಗಿರುವುದು ಅದರ ಫಲ ಮಾತ್ರ.

ಕಂಪ್ಯೂಟರಿನ ನಿಯಮ ಕೊನೆಗೂ ಅಕ್ಷರರೂಪದಲ್ಲಿ ಇರುವುದರಿಂದ ತಟ್ಟೆಯೊಂದು ಸಿಕ್ಕರೆ ನಲವತ್ತು ವರ್ಷದ ಮೇಲೂ ಎಬ್ಬಿಸಬಹುದು. ತಾಲೀಮಿನ ನಿಯಮ ಇರುವುದು ಕಲಿಸಬಲ್ಲ ಮನುಷ್ಯರಲ್ಲಿ. ಅಂಥ ಒಬ್ಬ ಮಾಸ್ತರ ಶಿಷ್ಯರಿಲ್ಲದೆ ತೀರಿಕೊಂಡರೆ ಅಚ್ಚಾದ ಪುಸ್ತಕದಿಂದ ಅವನ ಪದ್ಧತಿಯನ್ನು ಮರಳಿ ಕಟ್ಟಲಾಗದು. ಅಮೂರ್ತ ಸಾಂಸ್ಕೃತಿಕ ಪರಂಪರೆಯ ರಕ್ಷಣೆಗಾಗಿ ಯುನೆಸ್ಕೊ ೨೦೦೩ರಲ್ಲಿ ಅಂಗೀಕರಿಸಿದ, ಭಾರತ ೨೦೦೫ರಲ್ಲಿ ಒಪ್ಪಿದ ಒಡಂಬಡಿಕೆಯು ದಾಖಲೀಕರಣದ ಜೊತೆಗೆ ತಲೆಮಾರಿನಿಂದ ತಲೆಮಾರಿಗೆ ದಾಟಿಸುವಿಕೆಯನ್ನೂ ರಕ್ಷಣೆಯ ಅಂಗವೆಂದು ಹೇಳಿರುವುದು ಈ ಕಾರಣಕ್ಕೆ ಅರ್ಥಪೂರ್ಣ.

೮. ದಾಖಲೀಕರಣಕ್ಕೆ ಕೆಲವು ಸೂಚನೆಗಳು

ಬಾಗಲಕೋಟೆಯ ಕರ್ನಾಟಕ ಬಯಲಾಟ ಅಕಾಡೆಮಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯ, ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ ಮತ್ತು ಜಿಲ್ಲಾ ಗ್ರಂಥಾಲಯಗಳಂಥ ಸಂಸ್ಥೆಗಳ ಪರಿಶೀಲನೆಗೆ ಈ ಚರ್ಚೆಯಿಂದ ಹೊರಡುವ ಕೆಲವು ಸೂಚನೆಗಳನ್ನು ಮುಂದಿಡಬಹುದು.

ಮೊದಲನೆಯದಾಗಿ, ಪ್ರದರ್ಶನದ ಬದಲು ತಾಲೀಮನ್ನು, ಸಾಧ್ಯವಾದರೆ ಮೊದಲ ದಿನದಿಂದ ಕೊನೆಯ ದಿನದವರೆಗೆ, ಮುದ್ರಿಸಿಕೊಳ್ಳಬೇಕು. ತಪ್ಪಿ ತಿದ್ದಿಕೊಳ್ಳುವ ಗಳಿಗೆಗಳಲ್ಲಿಯೇ ನಿಯಮ ಬಾಯಿಬಿಟ್ಟು ಹೊರಬರುತ್ತದೆ. ಎರಡನೆಯದಾಗಿ, ಪಾತ್ರಧಾರಿಗಳು ಬರೆದುಕೊಂಡ ಪುಟಗಳನ್ನು ಅಚ್ಚಾದ ಪುಸ್ತಕದ ಕಳಪೆ ಪ್ರತಿಗಳೆಂದು ಎಣಿಸದೆ ಸ್ವತಂತ್ರ ದಾಖಲೆಗಳಾಗಿ ಸೂಚೀಕರಿಸಬೇಕು. ಅಂಚಿನ ಗುರುತುಗಳಲ್ಲಿ ರಾಗ, ತಾಳ, ಹೆಜ್ಜೆಗಳ ಸೂಚನೆಗಳು ಇರಬಹುದು. ಮೂರನೆಯದಾಗಿ, ಸಂದರ್ಶನದಲ್ಲಿ ಪ್ರಸಂಗದ ಕಥೆಯನ್ನು ಕೇಳುವುದಕ್ಕಿಂತ, ಪಾತ್ರ ಹೇಗೆ ಬಂದಿತು, ಯಾವ ಪಾತ್ರ ಬೇಕಿತ್ತು, ಯಾವುದು ಸಿಗಲಿಲ್ಲ, ಏಕೆ ಎಂದು ಕೇಳಬೇಕು. ಅಟ್ಟ ಏರಲು ಅವಕಾಶವಿಲ್ಲದಿದ್ದವರ ನೆನಪುಗಳೂ ಆಗ ದಾಖಲೆಗೆ ಬರುತ್ತವೆ. ನಾಲ್ಕನೆಯದಾಗಿ, ತಾಲೀಮಿನ ಕಾಲವನ್ನು ಇಂದಿನ ದುಡಿಮೆಯ ಲಯಕ್ಕೆ ಹೊಂದಿಸಬೇಕು. ಗುಳೆ ಹೋದವರು ಜಾತ್ರೆ ಹಬ್ಬಗಳಿಗೆ ಮರಳುವ ದಿನಗಳಲ್ಲಿ, ಶಾಲೆ ಕಾಲೇಜುಗಳ ರಜೆಯಲ್ಲಿ ಕಲಿಸುವ ಏರ್ಪಾಡು ಬೇಕು. ಆ ಕಲಿಕೆಗೆ ಹೆಣ್ಣುಮಕ್ಕಳನ್ನು ಮೊದಲ ದಿನದಿಂದಲೇ ಸೇರಿಸಿಕೊಂಡರೆ ಹಳೆಯ ಆಟ ತನ್ನ ಹಳೆಯ ಕೊರತೆಯನ್ನು ಕಳೆದುಕೊಂಡೇ ಮುಂದುವರಿಯುತ್ತದೆ.

ಇಲ್ಲಿ ಬಾಯ್ಮ್ ಅವರ ವಿಂಗಡಣೆ ಮತ್ತೆ ಪ್ರಸ್ತುತವಾಗುತ್ತದೆ. ಎಲ್ಲವೂ ಇದ್ದಂತೆಯೇ ಮರಳಬೇಕೆನ್ನುವ ಹಳಹಳಿಕೆ ಆಟದ ಜೊತೆಗೆ ಅದರ ಬೇಲಿಗಳನ್ನೂ ಮರಳಿ ಕಟ್ಟುತ್ತದೆ. ‘ವಿಝರ್ಡ್ರಿ’ಯನ್ನು ಪುನಾರಚಿಸಿದವರು ಮೂಲದ ನಿಯಮಗಳನ್ನು ಉಳಿಸಿಕೊಂಡು, ಹೊಸಬರಿಗೆ ತೊಡಕಾಗಿದ್ದ ಹೊರರೂಪವನ್ನು ಬದಲಿಸಿದರು. ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬಹುದು ಎಂಬ ವಿವೇಚನೆ ದೊಡ್ಡಾಟಕ್ಕೂ ಅನಿವಾರ್ಯ.

೯. ಸಮಾರೋಪ

ಆಟದ ಹಳಹಳಿಕೆಯನ್ನು ಮುದುಕರ ಭಾವುಕತೆಯೆಂದು ಬದಿಗಿಡುವುದು ಸುಲಭ. ಕಂಪ್ಯೂಟರಿನ ಪಾತ್ರಧಾರಣೆಯ ಆಟಗಳ ಇತಿಹಾಸವು ಆ ಹಂಬಲ ಒಂದು ಕಾರ್ಯಶಕ್ತಿಯಾಗಬಲ್ಲದೆಂದು ತೋರಿಸಿದೆ. ಹಂಬಲಿಸಿದವರೇ ಆ ಆಟಗಳ ಅಳಿವನ್ನು ಸ್ವಲ್ಪಮಟ್ಟಿಗಾದರೂ ತಡೆದರು. ಭೀಮಾ-ಕೃಷ್ಣೆಯರ ನಡುವಿನ ಈ ಸೀಮೆಯಲ್ಲಿ ಹಂಬಲಕ್ಕೆ ಕೊರತೆಯಿಲ್ಲ, ಪಠ್ಯಗಳಿಗೂ ಅಷ್ಟಾಗಿ ಕೊರತೆಯಿಲ್ಲ. ಕೊರತೆಯಿರುವುದು ಇವೆರಡನ್ನೂ ಕೂಡಿಸುವ ತಾಲೀಮಿನ ದಾಖಲೆಗೆ ಮತ್ತು ಕಲಿಯುವವರ ಬಿಡುವಿಗೆ. ಕಲಿಸಬಲ್ಲ ಮಾಸ್ತರರು ಇನ್ನೂ ಇರುವ ಊರುಗಳಲ್ಲಿ ಈ ಕೆಲಸ ಮೊದಲು ಆಗಬೇಕು. ಪುಸ್ತಕದ ಕಪಾಟಿನಲ್ಲಿ ಕರ್ಣಪರ್ವದ ಆಟ ಸುರಕ್ಷಿತವಾಗಿ ಇದ್ದೀತು. ಯಾರೆಂದು ಸಾರಥಿ ಕೇಳಿದಾಗ ಎದ್ದು ನಿಂತು ಉತ್ತರಿಸುವವನೊಬ್ಬ ಇಲ್ಲದಿದ್ದರೆ ಅದು ಆಟವೆನಿಸದು.